ಲುಕ್ಕಾದ ಕೋಟೆಯೊಳಗೆ ಒಂದು ಕೋಣೆ: ಇಟಲಿಯ ಪುಟ್ಟ ಬಿ ಅಂಡ್ ಬಿಯಲ್ಲಿ ಉಳಿಯುವ ಸಮಗ್ರ ಮಾರ್ಗದರ್ಶಿ

ಪೀಸಾದ ವಾಲುಗೋಪುರ ನೋಡಲು ಹೋದವರು ಅರ್ಧ ದಿನಕ್ಕೆ ಲುಕ್ಕಾಗೆ ಬಂದು ಹೋಗುತ್ತಾರೆ. ರೈಲಿನಲ್ಲಿ ಬರೀ ಅರ್ಧ ಗಂಟೆ. ಬರುತ್ತಾರೆ, ಒಂದು ಚರ್ಚು ನೋಡುತ್ತಾರೆ, ಐಸ್‌ಕ್ರೀಮ್ ತಿಂದು ವಾಪಸ್ಸು. ನನಗೆ ಇದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಈ ಊರಿನ ರುಚಿ ಇರುವುದು ಸಂಜೆ ಆರರ ಮೇಲೆ ಮತ್ತು ಬೆಳಿಗ್ಗೆ ಎಂಟರ ಒಳಗೆ. ಊರಿನ ಸುತ್ತ 16 ಮತ್ತು 17ನೇ ಶತಮಾನದಲ್ಲಿ ಕಟ್ಟಿದ ಕೋಟೆಗೋಡೆ ಇಂದಿಗೂ ಪೂರ್ತಿಯಾಗಿ ನಿಂತಿದೆ. ಸುತ್ತಳತೆ 4 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಗೋಡೆಯ ಮೇಲೆ ಎತ್ತಿನಗಾಡಿ ಹೋಗುವಷ್ಟು ಅಗಲದ ದಾರಿ, ಎರಡೂ ಕಡೆ ಮರ. ಬೆಳಿಗ್ಗೆ ಅಲ್ಲಿ ಊರಿನ ಅಜ್ಜಂದಿರು ನಡೆಯುತ್ತಾರೆ, ಮಕ್ಕಳು ಸೈಕಲ್ ಹೊಡೆಯುತ್ತಾರೆ. ಅದನ್ನು ನೋಡಬೇಕಾದರೆ ರಾತ್ರಿ ಅಲ್ಲೇ ಮಲಗಬೇಕು. ಅದೂ ಗೋಡೆಯ ಒಳಗಿನ ಒಂದು ಹಳೇ ಮನೆಯಲ್ಲಿ.

ಬಿ ಅಂಡ್ ಬಿ ಅಂದರೆ ಮಲಗಲು ಕೋಣೆ, ಬೆಳಿಗ್ಗೆ ತಿಂಡಿ. ನಮ್ಮ ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇಯನ್ನು ನೆನಪಿಸಿಕೊಳ್ಳಿ, ಆದರೆ ಒಂದು ವ್ಯತ್ಯಾಸ ಇದೆ. ನಮ್ಮ ಹೋಂಸ್ಟೇಯಲ್ಲಿ ಮೂರು ಹೊತ್ತೂ ಮನೆಯವರೇ ಬಡಿಸುತ್ತಾರೆ. ಇಲ್ಲಿ ಬೆಳಗಿನ ತಿಂಡಿ ಮುಗಿದರೆ ಮುಗಿಯಿತು. ಕೌಂಟರ್ ಇಲ್ಲ, ರಾತ್ರಿ ಕಾಯುವವರಿಲ್ಲ, ಲಗೇಜು ಎತ್ತುವವರಿಲ್ಲ. ಇರುವುದು ಒಬ್ಬ ಮನೆಯೊಡತಿ ಮತ್ತು ಒಂದು ಗೊಂಚಲು ಬೀಗದ ಕೈ. ಹಾಗಾಗಿ ಎಲ್ಲವೂ ನೀವು ಅವರಿಗೆ ಮುಂಚೆ ಏನು ಬರೆದು ತಿಳಿಸಿದ್ದೀರಿ ಅನ್ನುವುದರ ಮೇಲೆ ನಿಂತಿರುತ್ತದೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಮೊದಲು ತಿಂಗಳು, ಆಮೇಲೆ ಕೋಣೆ

ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ, ಮತ್ತೆ ಸೆಪ್ಟೆಂಬರಿನಲ್ಲಿ ಹೋಗುವುದು ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಸೆಕೆ ಜಾಸ್ತಿ. ಹಳೇ ಮನೆಗಳ ಕಿಟಕಿಗೆ ಸೊಳ್ಳೆ ಪರದೆ ಇರುವುದು ಅಪರೂಪ. ಜುಲೈನಲ್ಲಿ ದೊಡ್ಡ ಸಂಗೀತ ಕಛೇರಿಗಳು ನಡೆಯುತ್ತವೆ. ಆ ದಿನಗಳಲ್ಲಿ ನೆಪೋಲಿಯೋನೆ ಚೌಕದ ಆಸುಪಾಸಿನಲ್ಲಿ ನಿದ್ದೆ ಕಷ್ಟ.

ಅಕ್ಟೋಬರ್ ಕೊನೆ ಮತ್ತು ನವೆಂಬರ್ ಮೊದಲ ದಿನಗಳನ್ನು ಮಾತ್ರ ಎಚ್ಚರಿಕೆಯಿಂದ ನೋಡಿ. ಆಗ ಲುಕ್ಕಾ ಕಾಮಿಕ್ಸ್ ಅಂಡ್ ಗೇಮ್ಸ್ ಉತ್ಸವ. ಲಕ್ಷಗಟ್ಟಲೆ ಜನ ಈ ಪುಟ್ಟ ಊರಿಗೆ ನುಗ್ಗುತ್ತಾರೆ. ಕೋಣೆಗಳು ತಿಂಗಳುಗಟ್ಟಲೆ ಮುಂಚೆ ಹೋಗಿಬಿಡುತ್ತವೆ, ಬಾಡಿಗೆ ಏರುತ್ತದೆ. ಕಾಮಿಕ್ಸ್ ಹುಚ್ಚು ಇದ್ದರೆ ಅದಕ್ಕೇ ಹೋಗಿ. ಇಲ್ಲದಿದ್ದರೆ ಆ ವಾರ ಬೇಡ.

ನನ್ನನ್ನು ಕೇಳಿದರೆ ಸೆಪ್ಟೆಂಬರ್ 13 ಕೂಡಿ ಬರುವ ಹಾಗೆ ಹೋಗಿ. ಅವತ್ತು ಸಂಜೆ ಸಾಂತಾ ಕ್ರೋಚೆ, ಅಂದರೆ ಪವಿತ್ರ ಶಿಲುಬೆಯ ಹಬ್ಬ. ಮನೆಗಳ ಕಿಟಕಿ, ಕಟ್ಟೆ, ಕಂಬಗಳ ಉದ್ದಕ್ಕೂ ಸಾಲು ದೀಪ ಹಚ್ಚುತ್ತಾರೆ. ಸಾನ್ ಫ್ರೆದಿಯಾನೊ ಚರ್ಚಿನಿಂದ ಸಾನ್ ಮಾರ್ತೀನೊ ಮಹಾಚರ್ಚಿನವರೆಗೆ ಮೆರವಣಿಗೆ ಹೋಗುತ್ತದೆ. ನಮ್ಮ ಕಾರ್ತಿಕದ ದೀಪೋತ್ಸವ ನೋಡಿದವರಿಗೆ ಅದು ಹೊರಗಿನ ಹಬ್ಬ ಅನ್ನಿಸುವುದೇ ಇಲ್ಲ.

ಗೋಡೆಯ ಒಳಗೋ, ಹೊರಗೋ

ಒಳಗೆ. ಇದರಲ್ಲಿ ನನಗೆ ಎರಡು ಮಾತಿಲ್ಲ. ಊರಿನ ಒಂದು ತುದಿಯಿಂದ ಇನ್ನೊಂದಕ್ಕೆ ನಡೆದರೆ ಅರ್ಧ ಗಂಟೆಯೂ ಬೇಡ. ರೈಲು ನಿಲ್ದಾಣ ದಕ್ಷಿಣದ ಗೋಡೆಯ ಆಚೆ, ಕೂಗಳತೆಯಲ್ಲಿದೆ.

ಒಳಗೆ ಎಲ್ಲಿ ಅನ್ನುವುದು ಮುಂದಿನ ಪ್ರಶ್ನೆ. ಆನ್ಫಿತೆಯಾತ್ರೊ ಚೌಕದ ಫೋಟೊ ನೋಡಿದರೆ ಯಾರಿಗಾದರೂ ಅಲ್ಲೇ ಇರೋಣ ಅನ್ನಿಸುತ್ತದೆ. ರೋಮನ್ನರ ಕಾಲದ ಬಯಲು ರಂಗಮಂದಿರದ ಗೋಡೆಗಳ ಮೇಲೇ ಮನೆ ಕಟ್ಟಿಕೊಂಡಿದ್ದರಿಂದ ಚೌಕ ಇಂದಿಗೂ ಮೊಟ್ಟೆಯಾಕಾರದಲ್ಲಿದೆ. ಆದರೆ ಅದರ ತುಂಬ ಹೋಟೆಲು ಮೇಜುಗಳು. ಬೇಸಿಗೆಯಲ್ಲಿ ಕಿಟಕಿ ತೆರೆದಿಟ್ಟರೆ ಮಧ್ಯರಾತ್ರಿವರೆಗೂ ಗ್ಲಾಸು, ತಟ್ಟೆಗಳ ಸದ್ದು. ಅಂಗಡಿ ಬೀದಿಯಾದ ಫಿಲ್ಲುಂಗೊ ಕೂಡ ಗಲಾಟೆಯದ್ದೇ. ನಾನು ಪೂರ್ವದ ಕಡೆ, ವಿಯಾ ದೆಲ್ ಫೊಸ್ಸೊ ಅನ್ನುವ ಬೀದಿಯ ಸುತ್ತ ಹುಡುಕುತ್ತೇನೆ. ಬೀದಿಯ ಮಧ್ಯೆ ಸಣ್ಣ ಕಾಲುವೆ ಹರಿಯುತ್ತದೆ. ಹತ್ತಿರದಲ್ಲೇ 1820ರ ಸಸ್ಯೋದ್ಯಾನ. ರಾತ್ರಿ ಹತ್ತಕ್ಕೆ ಅಲ್ಲಿ ನೀರಿನ ಸದ್ದು ಬಿಟ್ಟರೆ ಬೇರೇನೂ ಇರುವುದಿಲ್ಲ. ಚರ್ಚಿನ ಗಂಟೆ ಮಾತ್ರ ಎಲ್ಲಿದ್ದರೂ ಕೇಳುತ್ತದೆ. ನೂರು ಚರ್ಚುಗಳ ಊರು ಅಂತಲೇ ಇದಕ್ಕೆ ಹೆಸರು.

ಜಾಹೀರಾತನ್ನು ಓದುವ ಕ್ರಮ

ಫೋಟೊ ಆಮೇಲೆ ನೋಡಿ. ಮೊದಲು ಸಿಐಎನ್ ಅನ್ನುವ ನಂಬರು ಹುಡುಕಿ. 2025ರಿಂದ ಇಟಲಿಯಲ್ಲಿ ಪ್ರವಾಸಿಗಳಿಗೆ ಕೋಣೆ ಬಾಡಿಗೆ ಕೊಡುವ ಎಲ್ಲರೂ ಈ ರಾಷ್ಟ್ರೀಯ ಗುರುತು ಸಂಖ್ಯೆಯನ್ನು ಜಾಹೀರಾತಿನಲ್ಲೂ ಕಟ್ಟಡದ ಹೊರಗೂ ಹಾಕಲೇಬೇಕು. ಅದು ಐಟಿ ಅನ್ನುವ ಎರಡು ಅಕ್ಷರಗಳಿಂದ ಶುರುವಾಗುತ್ತದೆ. ನಂಬರು ಇಲ್ಲವೆಂದರೆ ಆ ಮನೆ ಬಿಟ್ಟುಬಿಡಿ.

ಎರಡನೆಯದು, ಮಾಲೀಕರು ಆ ಮನೆಯಲ್ಲೇ ಇರುತ್ತಾರಾ? ಅಫ್ಫಿತ್ತಕಾಮೆರೆ ಅಂತ ಇನ್ನೊಂದು ಬಗೆ ಇದೆ. ಹೆಸರೇ ಹೇಳುವ ಹಾಗೆ ಅದು ಬಾಡಿಗೆ ಕೋಣೆ. ಅಲ್ಲಿ ಮನೆಯವರು ಜೊತೆಗಿರಬೇಕೆಂದಿಲ್ಲ. ತಿಂಡಿಯ ಬದಲು ಕೆಳಗಿನ ಬಾರಿನ ಚೀಟಿ ಕೊಡುವುದೂ ಉಂಟು. ಇಟಲಿಯಲ್ಲಿ ಬಾರ್ ಅಂದರೆ ಕಾಫಿ ಅಂಗಡಿ, ಗಾಬರಿಯಾಗಬೇಡಿ. ಅದೂ ಕೆಟ್ಟದ್ದೇನಲ್ಲ, ಆದರೆ ಮನೆ ತಿಂಡಿ ಬೇಕೆಂದು ಹೋದವರಿಗೆ ನಿರಾಸೆ ಆಗಬಾರದಲ್ವಾ?

ಮೂರನೆಯದು ಮಹಡಿ ಮತ್ತು ಲಿಫ್ಟು. ಇಲ್ಲಿ ಲೆಕ್ಕ ನಮ್ಮ ಹಾಗೇ: ನೆಲ ಮಹಡಿ, ಅದರ ಮೇಲೆ ಮೊದಲನೇ ಮಹಡಿ. ಆದರೆ ಹಳೇ ಮನೆಗಳ ಒಂದೊಂದು ಮಹಡಿಯೂ ತುಂಬ ಎತ್ತರ. ಮೂರನೇ ಮಹಡಿ ಅಂದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನ ಐದನೇ ಮಹಡಿ ಹತ್ತಿದ ಹಾಗೆ. ಮೆಟ್ಟಿಲು ಕಲ್ಲಿನದು, ನೂರಾರು ವರ್ಷ ತುಳಿದು ನಡುವೆ ಸವೆದಿರುತ್ತದೆ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದೊಂದನ್ನು ಕೇಳದೆ ದುಡ್ಡು ಕಟ್ಟಬೇಡಿ. ನಾಲ್ಕನೆಯದು, ಬಚ್ಚಲು ಕೋಣೆಯ ಒಳಗಿದೆಯೋ, ಕಾರಿಡಾರಿನಲ್ಲಿದೆಯೋ. ಕಾರಿಡಾರಿನಲ್ಲಿದ್ದರೂ ನಿಮಗೆ ಮಾತ್ರ ಮೀಸಲಾಗಿರಬಹುದು. ಅದನ್ನೂ ಕೇಳಿ.

ಇಟಲಿ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಗೆ ಉಳಿಯುವ ಜಾಗದ ದಾಖಲೆ ಬೇಕು. ಅದಕ್ಕೆ ಹಣ ಕಳೆದುಕೊಳ್ಳದೆ ರದ್ದು ಮಾಡಲು ಬರುವ ಬುಕಿಂಗನ್ನೇ ಆರಿಸಿ. ಹೋಗುವ ಎಲ್ಲರ ಹೆಸರೂ ಪಾಸ್‌ಪೋರ್ಟಿನಲ್ಲಿರುವ ಹಾಗೇ ಬುಕಿಂಗ್ ಪತ್ರದಲ್ಲಿ ಬರಲಿ. ಬರೀ ಒಬ್ಬರ ಹೆಸರು ಬಂದಿದ್ದರೆ ಮಾಲೀಕರಿಗೆ ಬರೆದು ಸರಿಯಾದ ಪತ್ರ ಕೇಳಿ. ಜೊತೆಗೆ ಕನಿಷ್ಠ 30,000 ಯೂರೊ ಚಿಕಿತ್ಸೆ ವಿಮೆ ಕಡ್ಡಾಯ.

ಬುಕ್ ಮಾಡಿದ ದಿನವೇ ಬರೆಯಿರಿ

ಈ ಹೆಜ್ಜೆಯನ್ನು ಬಿಟ್ಟವರೇ ಬೀದಿಯಲ್ಲಿ ಸೂಟ್‌ಕೇಸ್ ಹಿಡಿದು ನಿಲ್ಲುತ್ತಾರೆ. ನಾನೂ ಒಮ್ಮೆ ನಿಂತಿದ್ದೇನೆ, ಬೇರೊಂದು ಊರಿನಲ್ಲಿ. ರೈಲು ಎರಡು ಗಂಟೆ ತಡವಾಗಿತ್ತು. ನಾನು ತಿಳಿಸಿರಲಿಲ್ಲ. ಮನೆಯವರು ಕಾದು ಕಾದು ಊಟಕ್ಕೆ ಹೋಗಿದ್ದರು.

ಮೆಸೇಜಿನಲ್ಲಿ ನಾಲ್ಕು ವಿಷಯ ಸಾಕು. ಎಷ್ಟು ಗಂಟೆಗೆ, ಯಾವ ರೈಲಿನಲ್ಲಿ ಬರುತ್ತೀರಿ. ಏನು ತಿನ್ನುತ್ತೀರಿ, ಏನು ತಿನ್ನುವುದಿಲ್ಲ. ಕಾರು ಇದೆಯೋ ಇಲ್ಲವೋ. ಹೊರಡುವ ದಿನ ಎಷ್ಟು ಹೊತ್ತಿಗೆ ಹೊರಡುತ್ತೀರಿ. ಇಂಗ್ಲಿಷಿನಲ್ಲಿ ಬರೆದರೆ ನಡೆಯುತ್ತದೆ. ಮೊಬೈಲ್ ಅನುವಾದ ಬಳಸಿ ಇಟಾಲಿಯನ್ನಿನಲ್ಲೇ ಬರೆದರೆ ಉತ್ತರದ ದನಿಯೇ ಬೇರೆ ಇರುತ್ತದೆ. ಹೊರಡುವ ಹಿಂದಿನ ದಿನ ಮತ್ತೊಮ್ಮೆ ಬರೆಯಿರಿ. ರೈಲು ಹತ್ತಿದ ಮೇಲೆ ಇನ್ನೊಂದು ಸಾಲು. ಅತಿಯಾಯಿತು ಅಂದುಕೊಳ್ಳಬೇಡಿ. ಅವರು ಬಹುಶಃ ಮಾರ್ಕೆಟಿಗೆ ಹೋಗಬೇಕು, ಮೊಮ್ಮಗನನ್ನು ಶಾಲೆಯಿಂದ ಕರೆತರಬೇಕು. ನಿಮ್ಮ ಒಂದು ಸಾಲಿನಿಂದ ಅವರ ಮಧ್ಯಾಹ್ನ ಉಳಿಯುತ್ತದೆ.

ಊರು ತಲುಪುವುದು

ಪೀಸಾ ವಿಮಾನ ನಿಲ್ದಾಣದಿಂದ ಪೀಸಾ ಸೆಂತ್ರಾಲೆ ಅನ್ನುವ ಮುಖ್ಯ ರೈಲು ನಿಲ್ದಾಣಕ್ಕೆ ಪೀಸಾ ಮೂವರ್ ಅನ್ನುವ ಪುಟ್ಟ ರೈಲು ಇದೆ. ಅಲ್ಲಿಂದ ಲುಕ್ಕಾಗೆ ಪ್ರಾದೇಶಿಕ ರೈಲು. ಫ್ಲಾರೆನ್ಸ್‌ನಿಂದ ಬರುವುದಾದರೆ ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷದ ದಾರಿ. ಕಾಗದದ ಪ್ರಾದೇಶಿಕ ಟಿಕೆಟ್ ಕೊಂಡರೆ ಪ್ಲಾಟ್‌ಫಾರ್ಮಿನ ಮಷೀನಿನಲ್ಲಿ ಮುದ್ರೆ ಒತ್ತಿಸಲೇಬೇಕು. ಮರೆತರೆ ಟಿಕೆಟ್ ಇದ್ದೂ ದಂಡ.

ಕಾರಿನಲ್ಲಿ ಬರುವವರಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ. ಕೋಟೆಯ ಒಳಗೆ ಹೆಚ್ಚು ಭಾಗ ಝಡ್‌ಟಿಎಲ್, ಅಂದರೆ ಹೊರಗಿನ ವಾಹನಗಳಿಗೆ ನಿರ್ಬಂಧ ಇರುವ ಪ್ರದೇಶ. ಬಾಗಿಲಿನಲ್ಲಿ ಪೊಲೀಸರಿಲ್ಲ, ಕ್ಯಾಮೆರಾ ಇದೆ. ಬೋರ್ಡಿನ ಮೇಲೆ ವಾರ್ಕೊ ಅತ್ತೀವೊ ಅಂತ ಬರೆದಿರುತ್ತದೆ. ವಾರ್ಕೊ ಅಂದರೆ ಪ್ರವೇಶದ್ವಾರ, ಅತ್ತೀವೊ ಅಂದರೆ ಚಾಲೂ ಅಂತ. ಓದಿದವರು ದಾರಿ ಚಾಲೂ ಇದೆ ಅಂದುಕೊಂಡು ನುಗ್ಗುತ್ತಾರೆ. ಚಾಲೂ ಇರುವುದು ಕ್ಯಾಮೆರಾ! ವಾರ್ಕೊ ನೊನ್ ಅತ್ತೀವೊ ಅಂತಿದ್ದರೆ ಮಾತ್ರ ಒಳಗೆ ಹೋಗಬಹುದು. ದಂಡದ ಕಾಗದ ತಿಂಗಳುಗಳ ನಂತರ ಊರಿಗೆ ಬರುತ್ತದೆ, ಬಾಡಿಗೆ ಕಾರಿನ ಕಂಪನಿ ತನ್ನ ಶುಲ್ಕವನ್ನೂ ಸೇರಿಸಿ ಕಾರ್ಡಿನಿಂದ ತೆಗೆಯುತ್ತದೆ. ಕಾರಿನ ನಂಬರನ್ನು ಮನೆಯವರಿಗೆ ಮೊದಲೇ ಕೊಟ್ಟು, ಪರವಾನಗಿ ಮಾಡಿಸಲು ಬರುತ್ತದಾ ಅಂತ ಕೇಳಿ. ಇಲ್ಲವಾದರೆ ಗೋಡೆಯ ಹೊರಗೆ ನಿಲ್ಲಿಸಿ ನಡೆಯಿರಿ.

ಬಾಗಿಲಲ್ಲಿ

ಬೀದಿಯ ದೊಡ್ಡ ಬಾಗಿಲಿನ ಪಕ್ಕ ಗಂಟೆ ಒತ್ತುವ ಗುಂಡಿಗಳ ಪಟ್ಟಿ ಇರುತ್ತದೆ. ಅಲ್ಲಿ ಬಿ ಅಂಡ್ ಬಿಯ ಹೆಸರು ಇಲ್ಲದೆ ಬರೀ ಮನೆತನದ ಹೆಸರು ಇರಬಹುದು. ಯಾವ ಗುಂಡಿ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಮನೆ ಹೊಸ್ತಿಲು ದಾಟುವಾಗ ಪೆರ್ಮೆಸ್ಸೊ ಅನ್ನಿ. ಒಳಗೆ ಬರಲೇ ಅಂತ ಅರ್ಥ. ಇಟಲಿಯವರು ಬೇರೆಯವರ ಮನೆಗೆ ಕಾಲಿಡುವಾಗ ಹೇಳುವ ಮಾತು ಅದು. ಹೋಟೆಲಿನಲ್ಲಿ ಯಾರೂ ಹೇಳುವುದಿಲ್ಲ. ಲುಕ್ಕಾದಲ್ಲಿ ನಾನು ಉಳಿದ ಮನೆಯ ಅಜ್ಜಿ ಈ ಒಂದು ಪದ ಕೇಳಿ ನನ್ನ ಕೈಯಿಂದ ಚೀಲ ಕಿತ್ತುಕೊಂಡು ತಾವೇ ಒಳಗೆ ಇಟ್ಟರು.

ಪಾಸ್‌ಪೋರ್ಟ್ ಕೇಳುತ್ತಾರೆ, ಕೊಡಿ. ಬಂದವರ ವಿವರವನ್ನು 24 ಗಂಟೆಯೊಳಗೆ ಪೊಲೀಸರ ಆನ್‌ಲೈನ್ ವ್ಯವಸ್ಥೆಗೆ ಕಳಿಸುವುದು ಅವರಿಗೆ ಕಾನೂನಿನ ಕರ್ತವ್ಯ. ವಿವರ ಬರೆದುಕೊಂಡು ವಾಪಸ್ಸು ಕೊಡುತ್ತಾರೆ. ಜೊತೆಗೆ ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಅಂತ ನಗರಸಭೆಯ ವಸತಿ ತೆರಿಗೆ. ಇದು ಬುಕಿಂಗ್ ದರದಲ್ಲಿ ಸೇರಿರದೇ ಇರಬಹುದು. ಚಿಲ್ಲರೆ ಯೂರೊ ನಗದು ಇಟ್ಟುಕೊಳ್ಳಿ.

ಇನ್ನು ಬೀಗದ ಕೈ. ಈ ಹತ್ತು ನಿಮಿಷಕ್ಕೆ ಗಮನ ಕೊಡಿ. ಬೀದಿ ಬಾಗಿಲಿಗೆ ಒಂದು, ಮನೆ ಬಾಗಿಲಿಗೆ ಒಂದು, ಕೋಣೆಗೆ ಒಂದು. ಮನೆ ಬಾಗಿಲಿನ ಕೀಲಿ ಉದ್ದವಾಗಿ, ತುದಿಯಲ್ಲಿ ಎರಡು ರೆಕ್ಕೆ ಇರುವಂಥದ್ದಿರಬಹುದು. ಪೂರ್ತಿ ಒಳಗೆ ತಳ್ಳಿ, ಕೂದಲೆಳೆಯಷ್ಟು ಹಿಂದಕ್ಕೆ ಎಳೆದು, ಮೂರು ಸುತ್ತು ತಿರುಗಿಸಬೇಕು. ಒಂದು ಸುತ್ತಿಗೆ ಒಂದು ಕಟ್ ಶಬ್ದ. ಕೊನೆಯ ಅರ್ಧ ಸುತ್ತಿಗೆ ಬಾಗಿಲನ್ನು ನಿಮ್ಮ ಕಡೆ ಎಳೆದು ಹಿಡಿಯಬೇಕು, ಆಗ ಬಿಡುತ್ತದೆ. ಅಜ್ಜಿ ಎದುರಿಗಿದ್ದಾಗಲೇ ನೀವು ಎರಡು ಸಲ ತೆಗೆದು ಹಾಕಿ ನೋಡಿ. ಇಂಥ ಬಾಗಿಲುಗಳಿಗೆ ಹೊರಗೆ ತಿರುಗದ ಹಿಡಿ ಇರುತ್ತದೆ. ಎಳೆದುಕೊಂಡರೆ ಮುಗಿಯಿತು, ಕೀಲಿ ಇಲ್ಲದೆ ತೆರೆಯುವುದಿಲ್ಲ. ಮೆಟ್ಟಿಲ ಹತ್ತಿರ ಮೊಬೈಲ್ ಸಿಗ್ನಲ್ ನೋಡಿ ಬರೋಣ ಅಂತ ಹೋಗುವಾಗಲೂ ಕೀಲಿ ಜೇಬಿನಲ್ಲಿರಲಿ.

ಬಚ್ಚಲು, ಪ್ಲಗ್ಗು, ಚಳಿ

ಶವರ್ ಪಕ್ಕದಲ್ಲಿ ಒಂದು ದಾರ ನೇತಾಡುತ್ತಿರುತ್ತದೆ. ಅದು ಲೈಟಿನದಲ್ಲ, ಬಟ್ಟೆ ಹಾಕಲೂ ಅಲ್ಲ. ಬಿದ್ದಾಗ ಸಹಾಯ ಕೇಳಲು ಎಳೆಯುವ ಕರೆಗಂಟೆ. ಮಕ್ಕಳಿಗೆ ಮೊದಲೇ ಹೇಳಿ, ವಯಸ್ಸಾದವರಿಗೆ ತೋರಿಸಿಯೇ ಇಡಿ.

ಶವರ್ ಬಿಟ್ಟು ಬೇರೆ ಕಡೆ ನೀರು ಹೋಗುವ ಕಿಂಡಿ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಹಾಗೆ ನೆಲಕ್ಕೆ ನೀರು ಸುರಿದರೆ ಕೆಳಗಿನ ಮನೆಯ ಸೂರಿಗೆ ಇಳಿಯುತ್ತದೆ. ಕಮೋಡಿನ ಪಕ್ಕ ಇರುವ ಪುಟ್ಟ ತೊಟ್ಟಿ ಬಿದೇ, ತೊಳೆದುಕೊಳ್ಳಲು ಇರುವಂಥದ್ದು. 1975ರ ಸರ್ಕಾರಿ ಆದೇಶದ ಪ್ರಕಾರ ಇಟಲಿಯ ಮನೆಗಳಿಗೆ ಅದು ಬೇಕೇ ಬೇಕು. ಯೂರೋಪಿನ ಬೇರೆ ಕಡೆ ಟಿಶ್ಯೂ ಕಾಗದದಲ್ಲಿ ಒದ್ದಾಡಿ ಬಂದ ನಮ್ಮವರಿಗೆ ಎಷ್ಟು ನೆಮ್ಮದಿ ಅಂತ ಹೇಳಬೇಕಿಲ್ಲ. ಬಿಸಿನೀರಿನ ಟ್ಯಾಂಕ್ ಚಿಕ್ಕದಿರಬಹುದು. ನಾಲ್ಕು ಜನ ಒಬ್ಬರ ಹಿಂದೆ ಒಬ್ಬರು ಹೋಗದೆ ಸ್ವಲ್ಪ ಬಿಡುವು ಕೊಡಿ.

ಕರೆಂಟು ನಮ್ಮ ಹಾಗೇ 230 ವೋಲ್ಟ್. ಎರಡು ತೆಳು ಪಿನ್ನಿನ ಮೊಬೈಲ್ ಚಾರ್ಜರ್ ಹಾಗೇ ಕೂರುತ್ತದೆ. ಮೂರು ಪಿನ್ನಿನದು ಕೂರುವುದಿಲ್ಲ, ಅಲ್ಲಿ ಮೂರು ತೂತುಗಳೂ ಒಂದೇ ಸಾಲಿನಲ್ಲಿರುತ್ತವೆ. ಒಂದು ಅಡಾಪ್ಟರ್ ಒಯ್ಯಿರಿ.

ಹೀಟರಿಗೆ ಇಟಲಿಯಲ್ಲಿ ತಾರೀಕಿನ ಕಾನೂನು ಇದೆ. ಲುಕ್ಕಾ, ಫ್ಲಾರೆನ್ಸ್ ಕಡೆ ಸಾಮಾನ್ಯವಾಗಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ, ಅದೂ ದಿನಕ್ಕೆ ಇಷ್ಟೇ ಗಂಟೆ. ಅಕ್ಟೋಬರ್ ಕೊನೆಗೆ ಹೋದರೆ ಕಲ್ಲಿನ ಮನೆ ತಣ್ಣಗಿರುತ್ತದೆ. ಜಗಳ ಮಾಡದೆ ಇನ್ನೊಂದು ಕಂಬಳಿ ಕೇಳಿ.

ತಿಂಡಿಯ ಮೇಜು

ಇಟಲಿಯವರ ಬೆಳಗಿನ ತಿಂಡಿ ಸಿಹಿ ಮತ್ತು ಸಣ್ಣದು. ಕಾಫಿ, ಕೊರ್ನೆತ್ತೊ ಅನ್ನುವ ಕ್ರೊಸಾಂ ಥರದ ಒಂದು ಬನ್ನು, ಬ್ರೆಡ್ಡು, ಮನೆಯ ಜಾಮು, ಹಣ್ಣು. ಇಡ್ಲಿ ವಡೆಯ ಹೊಟ್ಟೆಗೆ ಇದು ಸಾಲದು ಅನ್ನಿಸಬಹುದು. ಲುಕ್ಕಾದ ಮನೆಗಳಲ್ಲಿ ಬುಚ್ಚೆಲ್ಲಾತೊ ಅಂತ ಒಂದು ಸಿಹಿ ಬ್ರೆಡ್ ಇಡುತ್ತಾರೆ. ಒಣದ್ರಾಕ್ಷಿ, ಸೋಂಪು ಹಾಕಿದ್ದು. ಸೋಂಪಿನ ಪರಿಮಳಕ್ಕೆ ನನಗೆ ನಮ್ಮ ಬೇಕರಿಯ ಬನ್ನು ನೆನಪಾಯಿತು.

ಕಾಫಿ ಕೇಳುವಾಗ ಲಾತ್ತೆ ಅನ್ನಬೇಡಿ, ಬರೀ ಹಾಲು ಬರುತ್ತದೆ. ಕಾಫೆಲಾತ್ತೆ ಅನ್ನಿ. ಸಸ್ಯಾಹಾರಿಗಳು ಗಂಡಸಾದರೆ ಸೊನೊ ವೆಜೆತಾರಿಯಾನೊ, ಹೆಂಗಸಾದರೆ ವೆಜೆತಾರಿಯಾನಾ ಅನ್ನಬೇಕು. ಅಷ್ಟಕ್ಕೆ ನಿಲ್ಲಿಸಬೇಡಿ. ಕಾರ್ನೆ ಅಂದರೆ ಮಾಂಸ, ಪೆಷೆ ಅಂದರೆ ಮೀನು, ಉವೋವಾ ಅಂದರೆ ಮೊಟ್ಟೆ. ಸೆನ್ಸಾ ಅಂದರೆ ಇಲ್ಲದೆ. ಮೊಟ್ಟೆ ತಿನ್ನದವರು ಸೆನ್ಸಾ ಉವೋವಾ ಅಂತ ಮೊದಲೇ ಬರೆದಿರಬೇಕು, ಯಾಕೆಂದರೆ ಕೇಕಿನಲ್ಲೂ ಕೊರ್ನೆತ್ತೊದಲ್ಲೂ ಮೊಟ್ಟೆ ಇರುತ್ತದೆ. ಪಾರ್ಮಿಜಾನೊ ಚೀಸು ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಹೆಪ್ಪುಗಟ್ಟಿಸುವ ರೆನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನವರಿಗೆ ಇದು ತಿಳಿದಿರಲಿ.

ಲುಕ್ಕಾ ಇರುವ ಟಸ್ಕನಿ ಪ್ರಾಂತ್ಯದ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಮೊದಲ ತುತ್ತಿಗೆ ಸಪ್ಪೆ. ಮನೆಯಿಂದ ಒಯ್ದ ಶೇಂಗಾ ಚಟ್ನಿಪುಡಿಗೆ ಅಲ್ಲಿನ ಆಲಿವ್ ಎಣ್ಣೆ ಕಲಸಿ ಆ ಬ್ರೆಡ್ಡಿನ ಮೇಲೆ ಸವರಿ. ನಾನು ಹಾಗೆ ತಿನ್ನುವುದನ್ನು ನೋಡಿ ಅಜ್ಜಿ ತಾವೂ ಒಂದು ಚೂರು ಕೇಳಿದರು. ಹೊರಡುವ ದಿನ ಡಬ್ಬಿಯನ್ನೇ ಕೊಟ್ಟು ಬಂದೆ. ಆದರೆ ಧಾರವಾಡ ಪೇಡ, ತುಪ್ಪ ಒಯ್ಯಬೇಡಿ. ಹೊರದೇಶದಿಂದ ಹಾಲಿನ ಪದಾರ್ಥ ತರಲು ಐರೋಪ್ಯ ಒಕ್ಕೂಟ ಬಿಡುವುದಿಲ್ಲ. ಉಡುಗೊರೆಗೆ ಚನ್ನಪಟ್ಟಣದ ಬೊಂಬೆ, ಕಾಫಿಪುಡಿ ಚೆನ್ನ. ಕೋಣೆಯೊಳಗೆ ಅಡುಗೆ, ಒಗ್ಗರಣೆ ಬೇಡ. ಬಿಸಿನೀರು ಬೇಕಿದ್ದರೆ ಆಕ್ವಾ ಕಾಲ್ದಾ ಅನ್ನಿ.

ಮಧ್ಯಾಹ್ನಕ್ಕೆ ಚೆಚೀನಾ ಹುಡುಕಿಕೊಂಡು ಹೋಗಿ. ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು ಇಷ್ಟೇ ಕಲಸಿ ದೊಡ್ಡ ತಟ್ಟೆಯಲ್ಲಿ ಒಲೆಯಲ್ಲಿ ಬೇಯಿಸಿದ್ದು. ಅಂಚು ಗರಿಗರಿ, ನಡುವೆ ಮೆತ್ತಗೆ. ಕುಡಿಯುವ ನೀರಿಗೆ ಬಾಟಲಿ ಕೊಳ್ಳಬೇಡಿ, ಊರ ಕಾರಂಜಿಗಳಲ್ಲಿ ಜನ ಕ್ಯಾನು ತಂದು ತುಂಬಿಸಿಕೊಳ್ಳುತ್ತಾರೆ. ರಾತ್ರಿ ಊಟ ಏಳೂವರೆಯ ಮೇಲೆಯೇ. ಎಲ್ಲಿ ತಿನ್ನಬೇಕೆಂದು ಅಜ್ಜಿಯನ್ನೇ ಕೇಳಿ. ನೋಡುವುದಕ್ಕೂ ಅವರನ್ನೇ ಕೇಳಿ. ಗ್ವಿನೀಜಿ ಗೋಪುರಕ್ಕೆ ಇನ್ನೂರಕ್ಕೂ ಹೆಚ್ಚು ಮೆಟ್ಟಿಲು, ತುದಿಯಲ್ಲಿ ನಿಜವಾದ ಓಕ್ ಮರಗಳು ಬೆಳೆದಿವೆ. ಅದಕ್ಕೆ ಎಷ್ಟು ಹೊತ್ತಿಗೆ ಹೋದರೆ ಬಿಸಿಲು ಕಡಿಮೆ ಅಂತ ಪುಸ್ತಕದಲ್ಲಿ ಇರುವುದಿಲ್ಲ. ಸಂಗೀತಗಾರ ಪುಚ್ಚೀನಿ 1858ರಲ್ಲಿ ಹುಟ್ಟಿದ ಮನೆ ಈಗ ಮ್ಯೂಸಿಯಂ. ಅದು ತೆರೆಯುವ ಹೊತ್ತೂ ಅವರಿಗೆ ಗೊತ್ತಿರುತ್ತದೆ.

ಹೊರಡುವ ದಿನ

ಬೆಳಿಗ್ಗೆ ಏಳರ ರೈಲಾದರೆ ಹಿಂದಿನ ರಾತ್ರಿಯೇ ಹೇಳಿ. ತಿಂಡಿಯನ್ನು ಕಟ್ಟಿ ಮೇಜಿನ ಮೇಲೆ ಇಟ್ಟಿರುತ್ತಾರೆ. ಸಾಮಾನ್ಯವಾಗಿ ಹತ್ತು ಗಂಟೆಗೆ ಕೋಣೆ ಬಿಡಬೇಕು. ಲಗೇಜು ಸಂಜೆವರೆಗೆ ಇಟ್ಟುಕೊಳ್ಳುತ್ತೀರಾ ಅಂತ ಕೇಳಿದರೆ ಬೇಡ ಅನ್ನುವವರು ಕಡಿಮೆ. ಕಸವನ್ನು ಅವರು ತೋರಿಸಿದ ಹಾಗೆ ಬೇರೆ ಬೇರೆ ಮಾಡಿಡಿ. ನಸುಕಿನಲ್ಲಿ ಸೂಟ್‌ಕೇಸನ್ನು ಕಲ್ಲಿನ ಬೀದಿಯಲ್ಲಿ ಉರುಳಿಸಿದರೆ ಇಡೀ ಓಣಿ ಏಳುತ್ತದೆ. ಸ್ವಲ್ಪ ದೂರವಾದರೂ ಎತ್ತಿಕೊಂಡು ನಡೆಯಿರಿ.

ಮನೆಯವರು ಎದ್ದಿರದಿದ್ದರೆ ಕೀಲಿಗೊಂಚಲನ್ನು ತಿಂಡಿ ಮೇಜಿನ ಮೇಲಿಟ್ಟು ಬಾಗಿಲು ಎಳೆದುಕೊಳ್ಳಬೇಕು. ಅದಕ್ಕೆ ಮೊದಲು ಹೊಸ್ತಿಲಲ್ಲೇ ನಿಂತು ಪಾಸ್‌ಪೋರ್ಟ್, ಫೋನು, ಚಾರ್ಜರ್ ಮುಟ್ಟಿ ನೋಡಿಕೊಳ್ಳಿ. ಬೀದಿ ಬಾಗಿಲು ಒಳಗಿನಿಂದ ಗುಂಡಿ ಒತ್ತಿದರೆ ತೆರೆಯುತ್ತದಾ, ಅದಕ್ಕೂ ಕೀಲಿ ಬೇಕಾ ಅಂತ ಹಿಂದಿನ ರಾತ್ರಿಯೇ ನೋಡಿಟ್ಟಿರಿ.